ಒಂದು ಟ್ರಂಕಿಗೆ ಎಷ್ಟು ಜೀನ್ಸ್

"ಹದಿನೈದು," ಎಂದರು ಭಾವ.

"ಐದು," ಎಂದಳು ಸೂಜಿ.

ನಡುಮನೆಯ ನೆಲದ ಮೇಲೆ ಎರಡು ಕಬ್ಬಿಣದ ಟ್ರಂಕುಗಳು ಬಾಯಿ ತೆರೆದು ಕೂತಿದ್ದವು. ಅವೆರಡರ ನಡುವೆ ಜೀನ್ಸ್ ಪ್ಯಾಂಟುಗಳ ಒಂದು ಗುಡ್ಡವೇ ಎದ್ದಿತ್ತು: ನೀಲಿ, ಕಡುನೀಲಿ, ಮಾಸಲು ಬೂದು, ಮೊಣಕಾಲು ಹರಿದದ್ದು, ಜಿಪ್ಪು ಕಿತ್ತದ್ದು. ಗುಡ್ಡದ ಆ ಬದಿಗೆ ಭಾವ, ಈ ಬದಿಗೆ ಸೂಜಿ, ಸಂಧಾನಕ್ಕೆ ಬಂದ ಎರಡು ದೇಶಗಳ ರಾಯಭಾರಿಗಳಂತೆ ಮುಖ ಬಿಗಿದು ಕೂತಿದ್ದರು. ಬಾಗಿಲಿಗೆ ಒರಗಿ ನಿಂತಿದ್ದ ಅಕ್ಕ ತನ್ನ ಪಾತ್ರದ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದಳಾದರೂ ಅವಳ ಒಂದು ಕಿವಿ ಇತ್ತಲೇ ಇತ್ತು.

ಭಾವನದು ಪುಟ್ಟದೊಂದು ನಾಟಕ ತಂಡ. ಅಕ್ಕನೂ ಸೇರಿದಂತೆ ಆರು ಮಂದಿ ನಟರು. ವರ್ಷಕ್ಕೊಂದು ಹೊಸ ನಾಟಕ, ವರ್ಷಕ್ಕೊಂದು ತಿರುಗಾಟ. ಈ ಸಲದ್ದು ನಲವತ್ತು ದಿನಗಳ, ಹತ್ತೊಂಬತ್ತು ಊರುಗಳ ತಿರುಗಾಟ. ನಾಟಕವೋ, ಕಾರು ರಿಪೇರಿಯ ಗ್ಯಾರೇಜೊಂದರಲ್ಲಿ ನಡೆಯುವಂಥದ್ದು. ಹನ್ನೊಂದು ಪಾತ್ರಗಳು, ಹನ್ನೊಂದಕ್ಕೆ ಹನ್ನೊಂದೂ ಜೀನ್ಸ್ ತೊಡುವವೇ.

"ಹನ್ನೊಂದು ಪಾತ್ರಕ್ಕೆ ಹನ್ನೊಂದು," ಎಂದು ಭಾವ ಬೆರಳು ಮಡಚಿದರು. "ಹರಿದ್ರೆ, ನೆನೆದ್ರೆ, ಕಳೆದುಹೋದ್ರೆ ಅಂತ ಇನ್ನು ನಾಲ್ಕು. ಹದಿನೈದು ಆಯ್ತು. ಇದರಲ್ಲಿ ಚೌಕಾಸಿಗೆ ಜಾಗ ಎಲ್ಲಿದೆ?"

"ಪ್ಯಾಂಟು ಹಾಕ್ಕೊಳ್ಳೋದು ಪಾತ್ರ ಅಲ್ಲ ಭಾವ, ಮನುಷ್ಯ. ನಿಮ್ಮ ಹತ್ರ ಮನುಷ್ಯರು ಇರೋದು ಆರೇ. ಆ ಆರು ಜನ ಒಟ್ಟಿಗೆ ಬರೋ ದೃಶ್ಯ ನಿಮ್ಮ ನಾಟಕದಲ್ಲಿ ಒಂದೂ ಇಲ್ಲ. ಹೆಚ್ಚಂದ್ರೆ ಐದು ಜನ. ಬೇಕಾದ್ರೆ ನೀವು ಬರೆದದ್ದನ್ನ ನೀವೇ ತೆಗೆದು ನೋಡಿ."

"ನಾನು ಬರೆದದ್ದನ್ನ ನನಗೇ ಓದಿ ಹೇಳ್ತಾಳೆ ನೋಡು ನಿನ್ನ ತಂಗಿ!" ಎಂದು ಭಾವ ಅಕ್ಕನತ್ತ ತಿರುಗಿದರು.

"ನನ್ನ ತಂಗಿ ಹೌದು. ಆದ್ರೆ ತಲೆ ಮೇಲೆ ಹತ್ತಿಸಿಕೊಂಡಿದ್ದು ನೀವು," ಎಂದಳು ಅಕ್ಕ.

ಇದು ಬರೀ ಪ್ಯಾಂಟಿನ ಜಗಳವಾಗಿರಲಿಲ್ಲ. ಆ ಸಂಗತಿ ಮೂವರಿಗೂ ಗೊತ್ತಿತ್ತು. ತಂಡದ ವ್ಯಾನಿನಲ್ಲಿ ಒಂಬತ್ತು ಸೀಟುಗಳಿರಬೇಕು. ಆರು ನಟರು, ಭಾವ, ವ್ಯಾನು ಓಡಿಸಿ ರಂಗದ ಲೈಟನ್ನೂ ನೋಡಿಕೊಳ್ಳುವ ಡ್ರೈವರು, ಅಲ್ಲಿಗೆ ಎಂಟಾಯಿತು. ಒಂಬತ್ತನೆಯ ಸೀಟನ್ನು ಭಾವ ಎಂದೋ ಬಿಚ್ಚಿಸಿ, ಆ ಜಾಗದಲ್ಲಿ ಎರಡನೆಯ ಟ್ರಂಕನ್ನು ಕೂರಿಸಿದ್ದರು. ಬಟ್ಟೆ ಹೊಲಿದವಳು ಮನೆಯಲ್ಲಿ ಉಳಿದಳು. ಬಟ್ಟೆ ಊರೂರು ತಿರುಗಿತು. ಐದು ವರ್ಷಗಳಿಂದ ನಡೆದುಬಂದದ್ದು ಇದೇ. ಬಟ್ಟೆಯೆಲ್ಲ ಒಂದೇ ಟ್ರಂಕಿಗೆ ಇಳಿದರೆ ಆ ಸೀಟು ಮರಳಿ ಬರುತ್ತದೆ. ಬಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ತಿನ್ನುವುದು ಜೀನ್ಸ್. ಆದ್ದರಿಂದಲೇ ಆ ಸಂಖ್ಯೆಯ ಮೇಲೆ ಸೂಜಿ ಹಟ ಹಿಡಿದು ಕೂತಿದ್ದಳು.

ಅವಳ ನಿಜವಾದ ಹೆಸರನ್ನು ಕೂಗುವವರು ಈಗ ಯಾರೂ ಉಳಿದಿರಲಿಲ್ಲ. ಮೈಕಟ್ಟಿಗೂ ಮಾತಿಗೂ ಒಪ್ಪುತ್ತದೆಂದು ಭಾವ ಇಟ್ಟ ಹೆಸರೇ ಖಾಯಮ್ಮಾಗಿತ್ತು. ಹಗಲಿಡೀ ಅವಳದು ಪೇಟೆಯ ಆಲ್ಟರೇಷನ್ ಅಂಗಡಿಯೊಂದರಲ್ಲಿ ಹೊಲಿಗೆ ಯಂತ್ರದ ಮುಂದಿನ ಬದುಕು: ಉದ್ದವಾದ ಪ್ಯಾಂಟಿನ ಕಾಲು ಮಡಚುವುದು, ಬಿಗಿಯಾದ ಸೊಂಟ ಸಡಿಲಿಸುವುದು, ಕಿತ್ತ ಜಿಪ್ಪು ಕೂರಿಸುವುದು. ಈ ಕಸುಬಿನಿಂದ ಅವಳಿಗೊಂದು ವಿಚಿತ್ರ ಅಭ್ಯಾಸ ಅಂಟಿತ್ತು. ಮನುಷ್ಯರ ಹೆಸರು ಅವಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಸೊಂಟದ ಅಳತೆ ನಿಲ್ಲುತ್ತಿತ್ತು. ತಂಡದ ದಪ್ಪ ನಟ, ಬೇಕರಿ ನಡೆಸುವವರು, ಅವಳ ಬಾಯಲ್ಲಿ ನಲವತ್ತೆರಡಣ್ಣ. ಕಡ್ಡಿಯಂಥ ಅಂಚೆಯವನು ಇಪ್ಪತ್ತೆಂಟು. ಗಣಿತದ ಮೇಷ್ಟರಿಗೂ ಕ್ಷೌರದಂಗಡಿಯವನಿಗೂ ಒಂದೇ ಅಳತೆ ಇದ್ದುದರಿಂದ ಅವರು ದೊಡ್ಡ ಮೂವತ್ತನಾಲ್ಕು, ಚಿಕ್ಕ ಮೂವತ್ತನಾಲ್ಕು. ಆಸ್ಪತ್ರೆಯ ನರ್ಸಮ್ಮ ಮೂವತ್ತಾರು. ಸ್ವಂತ ಅಕ್ಕನೂ ಮೂವತ್ತೆರಡೇ. ತಂಡದವರು ಮೊದಮೊದಲು ಮೂಗು ಮುರಿದು, ಆಮೇಲೆ ತಾವೂ ಒಬ್ಬರನ್ನೊಬ್ಬರು ಹಾಗೆಯೇ ಕರೆಯತೊಡಗಿದ್ದರು.

ಭಾವ ಗಲ್ಲ ಕೆರೆದುಕೊಂಡರು. ಸೂಜಿಯ ಮುಖವನ್ನೂ ಗುಡ್ಡವನ್ನೂ ಮತ್ತೆ ಮತ್ತೆ ನೋಡಿದರು.

"ಸರಿ. ಭಾನುವಾರ ಮಧ್ಯಾಹ್ನ ಮೊದಲನೇ ಪ್ರದರ್ಶನ, ನಮ್ಮೂರ ಜನರ ಮುಂದೆ. ಐದೇ ಜೀನ್ಸ್‌ನಲ್ಲಿ ಆಟ ಮುಗಿಸಿ ತೋರಿಸು. ಪ್ಯಾಂಟಿಗಾಗಿ ಒಬ್ಬ ನಟನೂ ಕಾಯ್ಬಾರ್ದು. ಒಂದೇ ಪ್ಯಾಂಟು ಕೈ ಬದಲಾಯಿಸ್ತಿದೆ ಅಂತ ಒಬ್ಬ ಪ್ರೇಕ್ಷಕನಿಗೂ ಗೊತ್ತಾಗ್ಬಾರ್ದು. ಗೆದ್ರೆ ಸೀಟು ನಿಂದು."

"ಮಾತು ಬದಲಾಯಿಸ್ಬಾರ್ದು."

"ನಾನೇನು ಪ್ಯಾಂಟೇ, ಬದಲಾಯಿಸೋಕೆ?"

ಸೂಜಿ ಅಲ್ಲಿಂದ ಎದ್ದವಳು ಅಂಗಡಿಯ ದಾರಿಯನ್ನು ನಡೆದು ಸವೆಸಲಿಲ್ಲ, ಹಾರಿಯೇ ಮುಗಿಸಿದಳು ಎನ್ನಬೇಕು.

ತಿರುಗಾಟದಿಂದ ಬಂದ ಬಟ್ಟೆಗಳ ಜೇಬು ಮಗುಚುವುದು ವರ್ಷವರ್ಷವೂ ಅವಳ ಕೆಲಸ. ಒಂದು ಜೇಬಿನಿಂದ ಸಮುದ್ರದ ಮರಳು ಉದುರುತ್ತಿತ್ತು. ಇನ್ನೊಂದರಿಂದ ಅರ್ಧ ಹರಿದ ದೋಣಿಯ ಟಿಕೆಟ್ಟು. ಮತ್ತೊಂದರಿಂದ ಅವಳು ಎಂದೂ ಕಾಣದ ಮರದ ಒಣಗಿದ ಎಲೆ. ಆ ಮರಳನ್ನು ಅಂಗೈಯಲ್ಲಿ ಹಿಡಿದು, ಅಲೆಯ ಸದ್ದು ಹೇಗಿದ್ದೀತೆಂದು ಅವಳು ಊಹಿಸುತ್ತಿದ್ದಳು. ಊರುಗಳನ್ನು ಜೇಬಿನ ತಳದಿಂದ ಕಂಡವಳಿಗೆ ಒಮ್ಮೆಯಾದರೂ ಅವುಗಳನ್ನು ಕಿಟಕಿಯಿಂದ ಕಾಣುವ ಹಂಬಲ. ಆ ಹಂಬಲವೇ ಈಗ ಅವಳ ಕಾಲಿಗೆ ಚಕ್ರ ಕಟ್ಟಿತ್ತು.

ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ ಅಂಟಿಸಿ, ಅಂಗಡಿಯ ಕತ್ತರಿಸುವ ಮೇಜಿನಷ್ಟು ಉದ್ದದ ಒಂದು ನಕ್ಷೆಯನ್ನು ಅವಳು ಮಾಡಿದಳು. ಅಡ್ಡಕ್ಕೆ ಹದಿನೇಳು ದೃಶ್ಯಗಳು, ಉದ್ದಕ್ಕೆ ಆರು ಸೊಂಟಗಳು. ಯಾರು ಯಾವ ಮಾತಿಗೆ ಒಳಬರುತ್ತಾರೆ, ಯಾರು ಯಾವ ಮಾತಿಗೆ ಹೊರಹೋಗುತ್ತಾರೆ ಎಂಬುದೆಲ್ಲ ಬಣ್ಣಬಣ್ಣದ ದಾರಗಳಾಗಿ ಆ ಹಾಳೆಯ ಮೇಲೆ ಹರಿದಾಡಿತು. ನಲವತ್ತೆರಡಣ್ಣನದು ಅವರಿಗೇ ಮೀಸಲು. ಅದನ್ನು ಹಂಚಿಕೊಳ್ಳಬೇಕೆಂದರೆ ಅದರೊಳಗೆ ಇಬ್ಬರು ಇಳಿಯಬೇಕು. ಉಳಿದ ನಾಲ್ಕರಲ್ಲಿ ಉಳಿದ ಐವರು. ಮಾಡಬೇಕಾದದ್ದು ಇಷ್ಟೇ, ಆದರೆ ಈ ಇಷ್ಟರಲ್ಲಿ ಎಷ್ಟೆಲ್ಲ ಇತ್ತು!

ನಾಲ್ಕೂ ಪ್ಯಾಂಟುಗಳ ಸೊಂಟಪಟ್ಟಿಯನ್ನು ಬಿಚ್ಚಿ, ಒಳಗೆ ಕಾಜಾ ಹೊಡೆದ ಇಲಾಸ್ಟಿಕ್ಕು ತೂರಿಸಿದಳು. ಒಂದು ಗುಂಡಿ ಎಳೆದು ಸಿಕ್ಕಿಸಿದರೆ ಮೂವತ್ತಾರು ಇಪ್ಪತ್ತೆಂಟಾಗುತ್ತಿತ್ತು. ಕಾಲಿನ ಅಂಚಿಗೆ ಮೂರು ಎತ್ತರಗಳಲ್ಲಿ ಟಿಚ್ ಬಟನ್ನು. ಮೊಣಕಾಲಿಗೆ ಬೇಕೆಂದಾಗ ಅಂಟಿಸಿ ಬೇಡವೆಂದಾಗ ಕೀಳುವ ವೆಲ್ಕ್ರೋ ತೇಪೆಗಳು: ಒಂದರಲ್ಲಿ ಹರಕು, ಒಂದರಲ್ಲಿ ಗ್ರೀಸಿನ ಕಲೆ, ಒಂದರಲ್ಲಿ ಶ್ರೀಮಂತರ ಮನೆಯ ಮಗಳಿಗೆ ತಕ್ಕ ಕಸೂತಿ. ಟಪ್ ಎಂದರೆ ಮೆಕ್ಯಾನಿಕ್ಕು, ಚರ್ರ್ ಎಂದರೆ ಗಿರಾಕಿ. ಹಿಂಬದಿಯಿಂದ ಬೇರೆಯಾಗಿ ಕಾಣಲೆಂದು ಜೇಬುಗಳನ್ನೂ ಅವಳು ಕಿತ್ತು ಅಂಟಿಸುವಂತೆ ಮಾಡಿದಳು.

"ಇದೇನು ಪ್ಯಾಂಟೋ, ಸಂಸಾರವೋ?" ಎಂದು ಅಂಗಡಿಯ ಯಜಮಾನಿ ಬೆರಗಾಗಿ ಕೇಳಿದಳು. "ಎಲ್ಲರಿಗೂ ಹೊಂದಿಕೊಳ್ತಿದೆ."

ಶನಿವಾರ ಸಂಜೆ ಅಕ್ಕನನ್ನೂ ಇಪ್ಪತ್ತೆಂಟನ್ನೂ ನಿಲ್ಲಿಸಿಕೊಂಡು, ಗಡಿಯಾರ ಹಿಡಿದು ಅಭ್ಯಾಸ ಮಾಡಿಸಿದಳು. ಅಕ್ಕನ ಲಾರಿ ಚಾಲಕಿ ಹೊರಬಂದು, ಅದೇ ಪ್ಯಾಂಟಿನಲ್ಲಿ ಇಪ್ಪತ್ತೆಂಟರ ವಿಮಾ ಏಜೆಂಟು ಒಳಹೋಗಬೇಕು. ನಡುವೆ ಇಪ್ಪತ್ತೆರಡು ಸೆಕೆಂಡು. ಮೊದಲ ಸಲ ಐವತ್ತಾಯಿತು. ಎರಡನೆಯ ಸಲ ಅಂಚೆಯವನು ಎರಡೂ ಕಾಲುಗಳನ್ನು ಒಂದೇ ತೂತಿನಲ್ಲಿ ತೂರಿಸಿ ದಬಾರನೆ ಬಿದ್ದ.

"ದಿನಾ ಮುನ್ನೂರು ಮನೆಗೆ ಕಾಗದ ಹಾಕ್ತೀಯಲ್ಲೋ, ಎರಡು ಕಾಲು ಸರಿಯಾದ ವಿಳಾಸಕ್ಕೆ ಹಾಕೋಕಾಗಲ್ವಾ?" ಎಂದಳು ಅಕ್ಕ.

ಒಂಬತ್ತನೆಯ ಸಲಕ್ಕೆ ಹತ್ತೊಂಬತ್ತು ಸೆಕೆಂಡಿನಲ್ಲಿ ಮುಗಿಯಿತು. ಸೂಜಿ ಆ ರಾತ್ರಿ ಗೆದ್ದವರ ನಿದ್ದೆ ಮಾಡಿದಳು.

ಭಾನುವಾರ ಮೂರು ಗಂಟೆಗೆ ಹಳೆಯ ಗೋದಾಮಿನ ಸಭಾಂಗಣ ಕಿಕ್ಕಿರಿದಿತ್ತು. ತಗಡಿನ ಮಾಡು ಬಿಸಿಲಿಗೆ ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಜನ ಕೈಗೆ ಸಿಕ್ಕಿದ ಕಾಗದದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಮೊದಲ ಸಾಲಿನಲ್ಲಿ ಭಾವ. ಅವರ ಪಕ್ಕದಲ್ಲಿ, ತಿರುಗಾಟದ ಪೋಸ್ಟರಿಗಾಗಿ ಫೋಟೋ ತೆಗೆಯಲು ಕರೆಸಿದ ಫೋಟೋಗ್ರಾಫರು ಮುಕ್ಕಾಲಿ ನಿಲ್ಲಿಸಿಕೊಂಡು ಕೂತಿದ್ದ. ರಂಗದ ಮೇಲೆ, ಎಡಬದಿಯ ಪರದೆಗೆ ಹತ್ತಿಕೊಂಡಂತೆ, ಪ್ಲೈವುಡ್ಡಿನಲ್ಲಿ ಮಾಡಿದ ಅರ್ಧ ಕಾರು ಬಾನೆಟ್ಟು ಎತ್ತಿಕೊಂಡು ನಿಂತಿತ್ತು. ನಾಟಕವಿಡೀ ಆರು ಜನ ಹೆಣಗಾಡಿದರೂ ಆ ಕಾರು ಸ್ಟಾರ್ಟ್ ಆಗುವುದಿಲ್ಲ. ಅದೇ ನಾಟಕದ ಕಥೆ.

ಪರದೆಯ ಹಿಂದೆ ನಾಲ್ಕು ಹೆಜ್ಜೆ ಅಗಲದ ಜಾಗದಲ್ಲಿ ಸೂಜಿಯ ರಾಜ್ಯ. ಗೋಡೆಗೆ ನಕ್ಷೆ, ಹಗ್ಗದ ಮೇಲೆ ಸಾಲಾಗಿ ತೇಪೆಗಳು, ಬಾಯಲ್ಲಿ ನಾಲ್ಕು ಗುಂಡುಸೂಜಿ. ಮೊದಲ ಗಂಟೆ ಬಾರಿಸಿತು. ಅಲ್ಲಿಂದ ಮುಂದೆ ಅವಳಿಗೆ ಕೈಗಳೆರಡೇ ಇದ್ದವು ಎಂದರೆ ನೋಡಿದವರು ನಂಬುತ್ತಿರಲಿಲ್ಲ.

ನರ್ಸಮ್ಮ ಹೊರಬಂದಳು, ಚರ್ರ್! ಕಸೂತಿ ಕಿತ್ತು ಬಂತು. ದೊಡ್ಡ ಮೂವತ್ತನಾಲ್ಕು ಕಾಲು ಎತ್ತಿದರು, ಟಪ್ ಟಪ್ ಟಪ್! ಅಂಚು ಇಳಿಯಿತು. "ಉಸಿರು ಒಳಗೆ! ಇನ್ನೂ ಒಳಗೆ! ಹೋಗಿ!" ಮೇಷ್ಟರು ಗ್ರೀಸು ಬಳಿದ ಮೆಕ್ಯಾನಿಕ್ಕಾಗಿ ಬೆಳಕಿಗೆ ಹಾರಿದರು. ಚಿಕ್ಕ ಮೂವತ್ತನಾಲ್ಕು ಬೆವರಿ ಒದ್ದೆಯಾದ ಪ್ಯಾಂಟು ಕಳಚಲಾರದೆ ಒಂಟಿಗಾಲಲ್ಲಿ ಕುಣಿಯುತ್ತಿದ್ದಾಗ ಸೂಜಿ ಎರಡೂ ಅಂಚು ಹಿಡಿದು ಮೊಲದ ತೊಗಲು ಸುಲಿದಂತೆ ಸರ್ರನೆ ಎಳೆದಳು. ಪ್ಯಾಂಟು ಬಂತು, ಅವನೂ ಜೊತೆಗೆ ಎರಡಡಿ ಬಂದ. ಹೊರಗೆ ಜನ ನಕ್ಕರೆ ಒಳಗೆ ಅವಳು ಮುಂದಿನ ದಾರ ನೋಡುತ್ತಿದ್ದಳು. ಹೊರಗೆ ಮೌನವಾದರೆ ಇವಳು ಉಸಿರು ಬಿಗಿಹಿಡಿದು ಟಿಚ್ ಬಟನ್ನಿನ ಸದ್ದನ್ನು ಅಂಗೈಯಲ್ಲಿ ಅದುಮುತ್ತಿದ್ದಳು. ಎಂಟನೆಯ ದೃಶ್ಯ ದಾಟಿತು. ಹನ್ನೆರಡು ದಾಟಿತು. ಯಾರೂ ಕಾಯಲಿಲ್ಲ. ಭಾವ ಕುರ್ಚಿಯ ತುದಿಗೆ ಸರಿದು ಕೂತಿರುವುದು ಪರದೆಯ ಸೀಳಿನಿಂದ ಅವಳಿಗೆ ಕಾಣಿಸಿತು. ಅವರು ಪ್ಯಾಂಟು ಎಣಿಸುತ್ತಿದ್ದರು. ಎಣಿಸಿ ಎಣಿಸಿ ಸೋಲುತ್ತಿದ್ದರು.

ಕೊನೆಗೆ ಇಪ್ಪತ್ತೆರಡು ಸೆಕೆಂಡಿನ ಸರದಿ ಬಂತು. ಅಕ್ಕ ಲಾರಿ ಚಾಲಕಿಯಾಗಿ ಬಾಗಿಲು ಧಡಾರನೆ ಒದ್ದು ಒಳಗೆ ನುಗ್ಗಿದಳು. ಗುಂಡಿ, ಜಿಪ್ಪು, ಕಾಲು, ಇನ್ನೊಂದು ಕಾಲು! ಇಪ್ಪತ್ತೆಂಟು ಈ ಸಲ ಎರಡೂ ಕಾಲುಗಳನ್ನು ಸರಿಯಾದ ವಿಳಾಸಕ್ಕೇ ಹಾಕಿದ. ಹದಿನೆಂಟು ಸೆಕೆಂಡಿಗೆ ಅವನು ವಿಮಾ ಏಜೆಂಟಾಗಿ ಚೀಲ ಬೀಸುತ್ತ ರಂಗದ ಮೇಲಿದ್ದ.

ಸೂಜಿ ಗೋಡೆಗೊರಗಿ ಕಣ್ಣು ಮುಚ್ಚಿದಳು. ನಕ್ಷೆಯ ಕೊನೆಯ ದಾರ ಮುಗಿದಿತ್ತು. ಹೊರಗೆ ಕೊನೆಯ ದೃಶ್ಯ, ಐದು ಜನ, ಐದು ಜೀನ್ಸ್. ಇನ್ನು ನಾಲ್ಕು ನಿಮಿಷ ಕಳೆದರೆ ಸೀಟು ತನ್ನದು.

ಮೇಲೆ ಮೆಕ್ಯಾನಿಕ್ಕಿನ ಅಂಗಿ ತೊಟ್ಟು, ಸೊಂಟಕ್ಕೆ ಹಳೆಯ ಬೆಡ್‌ಶೀಟೊಂದನ್ನು ಸುತ್ತಿಕೊಂಡು ನೀರು ಕುಡಿಯುತ್ತಿದ್ದ ಅಕ್ಕ ಲೋಟ ಕೆಳಗಿಟ್ಟಳು.

"ಹೂಂ, ಕೊಡು."

"ಏನು?"

"ಪ್ಯಾಂಟು."

"ನಿನ್ನ ಪಾತ್ರ ಮುಗೀತಲ್ಲೇ?"

"ಪಾತ್ರ ಮುಗೀತು. ನಮಸ್ಕಾರ?"

ಸೂಜಿಯ ಬಾಯಲ್ಲಿದ್ದ ಗುಂಡುಸೂಜಿಗಳು ಒಂದೊಂದಾಗಿ ನೆಲಕ್ಕೆ ಬಿದ್ದವು.

ನಮಸ್ಕಾರ. ನಾಟಕ ಮುಗಿದ ಮೇಲೆ ಆರು ಜನರೂ ಸಾಲಾಗಿ ಬಂದು, ಹೆಗಲ ಮೇಲೆ ಕೈಯಿಟ್ಟುಕೊಂಡು, ತಲೆ ಬಾಗಿಸುವ ಗಳಿಗೆ. ಅದು ಬರೆದ ನಾಟಕದಲ್ಲಿರಲಿಲ್ಲ. ತಾಲೀಮಿನಲ್ಲಿ ಅದನ್ನು ಯಾರೂ ಅಭ್ಯಾಸ ಮಾಡುವುದಿಲ್ಲ. ಐದು ವರ್ಷಗಳಲ್ಲಿ ಸೂಜಿ ಅದನ್ನೊಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಚಪ್ಪಾಳೆ ಕೇಳಿಸಿತೆಂದರೆ ಅದು ಅವಳಿಗೆ ಟ್ರಂಕು ತೆರೆದು ನೆಲದ ಮೇಲಿನ ಗುಂಡಿ ಹೆಕ್ಕುವ ಗಂಟೆ. ಉಳಿದವರಿಗೆಲ್ಲ ನಾಟಕ ನಮಸ್ಕಾರದಲ್ಲಿ ಮುಗಿಯುತ್ತಿತ್ತು. ಇವಳೊಬ್ಬಳಿಗೆ ಕೊನೆಯ ಪ್ಯಾಂಟಿನ ಕೊನೆಯ ಗುಂಡಿಯಲ್ಲೇ ಮುಗಿದುಬಿಡುತ್ತಿತ್ತು.

"ಫೋಟೋನೂ ಆಗಲೇ ತೆಗೆಯೋದು ಕಣೇ," ಎಂದಳು ಅಕ್ಕ, ಕತ್ತಿನ ಮೇಲೆ ಇನ್ನೊಂದು ಏಟು ಹಾಕುವವಳಂತೆ. "ಆರು ಜನ ಮೆಕ್ಯಾನಿಕ್ಕು ಒಂದು ಸಾಲಲ್ಲಿ. ಪೋಸ್ಟರಿಗೆ."

ಸೂಜಿ ತನ್ನ ಮೈಮೇಲೆ ಕಣ್ಣಾಡಿಸಿಕೊಂಡಳು. ಹೂವಿನ ಸ್ಕರ್ಟು. ಮನೆಯಲ್ಲಿ ಹತ್ತು ಜೀನ್ಸ್ ಬಿದ್ದುಕೊಂಡಿದ್ದವು. ಮನೆ ಇಪ್ಪತ್ತು ನಿಮಿಷದ ದಾರಿ.

"ನೀನು ಹೋಗದೇ ಇದ್ರೆ?"

"ಮೂರು ಪಾತ್ರ ಮಾಡಿದೀನಿ. ಒಂದು ಚಪ್ಪಾಳೆನೂ ಬೇಡ್ವಾ ನಂಗೆ? ನಿಮ್ಮ ಭಾವ ಎಲ್ಲಿ ಅವಳು ಅಂತ ಒಳಗೇ ನುಗ್ತಾರೆ."

ಆಗಲೇ ನಲವತ್ತೆರಡಣ್ಣ ನೀರಿನ ಡಬ್ಬ ತರುವ ನೆಪದಲ್ಲಿ ಒಳಬಂದರು. ರಂಗದಿಂದ ಹೊರಗಿರಲು ಅವರಿಗಿದ್ದದ್ದು ಹತ್ತೇ ಸೆಕೆಂಡು. ಪರದೆಯ ಸೀಳಿನಲ್ಲಿ ಪ್ಲೈವುಡ್ಡಿನ ಕಾರು ಕಂಡಿತು. ಬಾನೆಟ್ಟಿನ ಹಿಂದೆ ಒಬ್ಬರು ನಿಲ್ಲುವಷ್ಟು ಕತ್ತಲು ಕಂಡಿತು. ಸೂಜಿ ಅವರ ಕಿವಿ ಹಿಡಿದು ಬಗ್ಗಿಸಿದಳು.

"ಅಣ್ಣ, ನಮಸ್ಕಾರ ಕಾರಿನ ಸುತ್ತ. ಯಾರೂ ಮುಂದೆ ಬರಬೇಡಿ. ಅಕ್ಕ ಬಾನೆಟ್ಟಿನ ಹಿಂದೆ ಇರ್ತಾಳೆ."

"ಯಾಕೆ?"

"ಪ್ಯಾಂಟಿಲ್ಲ."

ನಲವತ್ತೆರಡಣ್ಣ, ನಾಳೆ ಮಳೆ ಬರುತ್ತದಂತೆ ಎಂದು ಕೇಳಿದವರ ಗಾಂಭೀರ್ಯದಲ್ಲಿ ತಲೆಯಾಡಿಸಿ, ಡಬ್ಬ ಎತ್ತಿಕೊಂಡು ಬೆಳಕಿಗೆ ಮರಳಿದರು.

"ಮಾನ ಉಳಿದ್ರೆ ಆಮೇಲೆ ನಿನ್ನನ್ನ ವಿಚಾರಿಸ್ಕೋತೀನಿ," ಎಂದು ಹಲ್ಲು ಕಡಿಯುತ್ತ ಅಕ್ಕ ಬೆಡ್‌ಶೀಟಿನ ಗಂಟನ್ನು ಬಿಗಿದು, ಮಂಡಿಯೂರಿ, ಪರದೆಯ ಕೆಳಗಿನಿಂದ ಅಂಬೆಗಾಲಿಕ್ಕಿಕೊಂಡು ಹೊರಟಳು. ಬೆಡ್‌ಶೀಟಿನ ಒಂದು ತುದಿ ಬಾಲದಂತೆ ಹಿಂದೆ ತೆವಳುತ್ತಿತ್ತು. ಸೂಜಿ ಅದನ್ನೂ ಒಳಗೆ ತಳ್ಳಿದಳು.

ಕೊನೆಯ ಮಾತು ಮುಗಿಯಿತು. ದೀಪ ಆರಿತು, ಹತ್ತಿತು. ಚಪ್ಪಾಳೆ ತಗಡಿನ ಮಾಡನ್ನು ಎತ್ತಿ ಒಗೆಯುವಂತೆ ಎದ್ದಿತು. ಐವರು ಮುಂದೆ ಬರಬೇಕಾದವರು ಹಿಂದೆ ಸರಿದು ಕಾರನ್ನು ಸುತ್ತುವರಿದರು. ಬಾನೆಟ್ಟಿನ ಹಿಂದಿನಿಂದ, ಮೂಗಿನ ತುದಿಗೆ ಗ್ರೀಸು ಬಳಿದುಕೊಂಡು, ಅಕ್ಕ ಸೊಂಟದವರೆಗೆ ಮೂಡಿಬಂದಳು. ಜನ ಹೋ ಎಂದು ಎದ್ದು ನಿಂತರು. ಫೋಟೋಗ್ರಾಫರು ಮೂರು ಸಲ ಕ್ಲಿಕ್ಕಿಸಿದ. ಸಾಲಾಗಿ ನಿಂತ ಆರು ಜನಕ್ಕಿಂತ ಎಷ್ಟೋ ಚೆಂದದ ಚಿತ್ರ: ಕೆಟ್ಟ ಕಾರಿನ ಸುತ್ತ ಐದು ಪೆಚ್ಚು ಮುಖಗಳು, ಇಂಜಿನ್ನಿನೊಳಗಿಂದ ಎದ್ದ ಒಂದು ನಗು.

ಸೂಜಿ ಸೀಳಿಗೆ ಕಣ್ಣೊತ್ತಿ ನಿಂತಿದ್ದಳು. ನಮಸ್ಕಾರವೆಂದರೆ ಹೀಗಿರುತ್ತದೆಯೇ! ಆ ಗಳಿಗೆಯಲ್ಲಿ ಅವಳು ಸೀಟನ್ನೂ ಮರೆತಳು.

ಅಷ್ಟರಲ್ಲಿ ಭಾವ ಕುರ್ಚಿಯಿಂದ ಎದ್ದು ಎರಡೂ ಕೈ ಚಾಚಿದರು. "ಬಾ! ಮುಂದೆ ಬಾ!" ಜನಕ್ಕೆ ಅಷ್ಟೇ ಬೇಕಾಗಿತ್ತು. "ಮುಂದೆ ಬನ್ನಿ, ಮುಂದೆ ಬನ್ನಿ," ಎಂದು ತಾಳ ಹಾಕತೊಡಗಿದರು. ಹಿಂದಿನಿಂದ ನೋಡುತ್ತಿದ್ದ ಸೂಜಿಗೆ ಮುಂದಿನವರಿಗೆ ಕಾಣದ ಸಂಗತಿಯೊಂದು ಕಂಡಿತು: ಬೆಡ್‌ಶೀಟಿನ ಗಂಟು ಬಿಚ್ಚಿತ್ತು. ಅಕ್ಕ ಎರಡೂ ಕೈಗಳಿಂದ ಅದನ್ನು ಅವುಚಿ ಹಿಡಿದಿದ್ದಳು.

"ಬರೋಕಾಗಲ್ಲ ಸ್ವಾಮಿ!" ಎಂದು ಅಕ್ಕ ಲಾರಿ ಚಾಲಕಿಯ ಗಂಟಲಿನಲ್ಲಿ ಕೂಗಿದಳು. "ಇಂಜಿನ್ನು ಕೈಯಲ್ಲಿ ಹಿಡ್ಕೊಂಡು ನಿಂತಿದೀನಿ. ಬಿಟ್ರೆ ಎಲ್ಲಾ ಕೆಳಗೆ ಬೀಳುತ್ತೆ, ನೋಡೋರ ಮಾನ ಹೋಗುತ್ತೆ!"

ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪರದೆ ಬಿತ್ತು.

ಭಾವ ಒಳಗೆ ಬಂದಾಗ ಅವರ ಮುಖ ದೀಪದಂತಿತ್ತು. ಅಕ್ಕ ಅಷ್ಟರೊಳಗೆ ತನ್ನ ಮನೆಯ ಬಟ್ಟೆ ತೊಟ್ಟು ಏನೂ ಆಗದವಳಂತೆ ತಲೆ ಬಾಚುತ್ತಿದ್ದಳು.

"ಆ ಫೋಟೋ! ಆ ಕೊನೇ ಮಾತು! ಯಾರಿಗೆ ಹೊಳೀತು ಅದು? ಸೂಜಿ, ಕೈ ಕೊಡು ಇಲ್ಲಿ. ಐದು ಅಂದ್ರೆ ಐದೇ. ಹತ್ತು ಸಲ ಎಣಿಸಿದೆ, ನಂಗೇ ತಲೆ ಕೆಟ್ಟು ಹೋಯ್ತು. ಗೆದ್ದೆ ಬಿಡು."

ಬಾಚಣಿಗೆಯ ಹಿಂದಿನಿಂದ ಅಕ್ಕ ಕಣ್ಣು ಮಿಟುಕಿಸಿದಳು; ಬಾಯಿ ಮುಚ್ಚಿಕೊಂಡಿರು ಎಂದು ಅದರ ಅರ್ಥ. ಮುಚ್ಚಿಕೊಂಡಿದ್ದರೆ ಮುಗಿದೇ ಹೋಗಿತ್ತು. ಷರತ್ತಿನ ಪ್ರಕಾರ ಯಾರೂ ಕಾದಿರಲಿಲ್ಲ, ಯಾರಿಗೂ ಗೊತ್ತಾಗಿರಲಿಲ್ಲ. ಭಾವ ಚಾಚಿದ ಕೈ ಎದುರಿಗೇ ಇತ್ತು. ಆದರೆ ಸೂಜಿಯ ಕಣ್ಣ ಮುಂದೆ ಸುಳಿದದ್ದು ಬೇರೆ: ಇನ್ನು ಹತ್ತೊಂಬತ್ತು ಊರು, ಹತ್ತೊಂಬತ್ತು ನಮಸ್ಕಾರ. ಎಲ್ಲರಿಗಿಂತ ಹೆಚ್ಚು ದುಡಿದವಳು ಹತ್ತೊಂಬತ್ತು ಸಲವೂ ಬಾನೆಟ್ಟಿನ ಹಿಂದೆ ಬೆಡ್‌ಶೀಟು ಹಿಡಿದು ನಿಲ್ಲಬೇಕು. ತಾನು ಕಿಟಕಿಯ ಪಕ್ಕ ಕೂರಬೇಕೆಂದು ಅಕ್ಕ ಮರೆಯಲ್ಲಿ ನಿಲ್ಲುವುದೇ?

"ಐದಲ್ಲ ಭಾವ," ಎಂದಳು. "ಆರು. ನಾನು ನಮಸ್ಕಾರ ಮರೆತಿದ್ದೆ. ಅಕ್ಕ ಅಲ್ಲಿ ನಿಂತಿದ್ದು ಬೆಡ್‌ಶೀಟ್‌ನಲ್ಲಿ."

ಭಾವ ಅಕ್ಕನನ್ನು ನೋಡಿದರು. ಅಕ್ಕ ಛಾವಣಿಯನ್ನು ನೋಡಿದಳು. ನಲವತ್ತೆರಡಣ್ಣ ತಡೆಯಲಾರದೆ ಮೊದಲು ನಕ್ಕರು. ಆಮೇಲೆ ಯಾರು ಯಾವಾಗ ನಿಲ್ಲಿಸಿದರೆಂದು ಹೇಳಲಾಗದಷ್ಟು ನಗು. ಭಾವ ಮಾತ್ರ ಕಣ್ಣೊರೆಸಿಕೊಂಡು, "ಆರು ಹಿಡಿಸಿದ್ರೆ ಆರು. ಮನೆಗೆ ನಡೀರಿ, ಟ್ರಂಕು ತುಂಬಿ ನೋಡೋಣ," ಎಂದರು.

ಇನ್ನೂ ಬೆಳಕಿದ್ದಾಗಲೇ ಎಲ್ಲರೂ ನಡುಮನೆಯಲ್ಲಿ ಸೇರಿದರು. ಅಂಗಿಗಳು, ಟೋಪಿಗಳು, ಬೂಟುಗಳು, ತೇಪೆಗಳ ಡಬ್ಬಿ, ಐದು ಜೀನ್ಸ್. ಎಲ್ಲವೂ ಇಟ್ಟಿಗೆಯಂತೆ ಒಂದರ ಪಕ್ಕ ಒಂದು ಕೂತವು. ಗುಡ್ಡದಿಂದ ಮೂವತ್ತೆರಡರ ಗಟ್ಟಿಯಾದದ್ದೊಂದನ್ನು ಹೆಕ್ಕಿ ಆರನೆಯದಾಗಿ ಮೇಲಿಟ್ಟರು. ಮುಚ್ಚಳ ಮುಚ್ಚಲಿಲ್ಲ. ಸುರುಳಿ ಸುತ್ತಿ ತುರುಕಿದರು. ಮುಚ್ಚಲಿಲ್ಲ. ನಲವತ್ತೆರಡಣ್ಣ ಮುಚ್ಚಳದ ಮೇಲೆ ಕೂತರು. ಕೊಂಡಿ ಇನ್ನೂ ಎರಡು ಬೆರಳು ದೂರ. ಅವರು ಒಮ್ಮೆ ಎದ್ದು ಮತ್ತೆ ಜೋರಾಗಿ ಕೂತಾಗ ಟ್ರಂಕು ನರಳಿತು, ಕೊಂಡಿ ಮಾತ್ರ ಕೂಡಲಿಲ್ಲ.

"ಟೋಪಿ ಬಿಟ್ಟುಬಿಡಿ," ಎಂದಳು ನರ್ಸಮ್ಮ.

"ಟೋಪಿ ಬಿಟ್ರೆ ಪೊಲೀಸು ಯಾರು ಅಂತ ಹೇಗೆ ಗೊತ್ತಾಗ್ಬೇಕು?" ಎಂದರು ಮೇಷ್ಟರು.

"ಎಲ್ಲರೂ ಅವರವರ ಪ್ಯಾಂಟು ಹಾಕ್ಕೊಂಡೇ ವ್ಯಾನು ಹತ್ತಿದ್ರೆ?" ಎಂದ ಇಪ್ಪತ್ತೆಂಟು. "ಟ್ರಂಕಿನ ಗೊಡವೆನೇ ಇರಲ್ಲ."

"ನಲವತ್ತೆರಡಣ್ಣ ದಾರಿಯಲ್ಲಿ ತಿಂದದ್ದೆಲ್ಲ ತೊಡೆ ಮೇಲೆ ಇಳಿಯುತ್ತೆ. ಮೂರನೇ ಊರಿಗೆ ನಾಟಕ ಗ್ಯಾರೇಜಿಂದಲ್ಲ, ಬೇಕರಿದು ಆಗಿರುತ್ತೆ," ಎಂದಳು ಸೂಜಿ.

ಭಾವ ನಿಧಾನವಾಗಿ ಎರಡನೆಯ ಟ್ರಂಕಿನ ಕಡೆ ನೋಡಿದರು. "ಏನ್ ಮಾಡೋದು ಸೂಜಿ. ನಿಜ ಹೇಳಿ ಸೋತೆ. ಒಂದೇ ಒಂದು ಪ್ಯಾಂಟು..."

ಒಂದೇ ಒಂದು ಪ್ಯಾಂಟು. ಸೂಜಿ ಮುಚ್ಚಳ ಎತ್ತಿ ಆರನೆಯದನ್ನು ಹೊರಗೆಳೆದಳು. ಅದನ್ನು ಹೆಗಲಿಗೆ ಹಾಕಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತುಬಿಟ್ಟಳೇನೋ ಎಂದು ಅಕ್ಕ ಎರಡು ಹೆಜ್ಜೆ ಇಡುವಷ್ಟರಲ್ಲಿ ಬಾಗಿಲು ತೆರೆಯಿತು. ಸೂಜಿ ಜೀನ್ಸ್ ತೊಟ್ಟು ನಿಂತಿದ್ದಳು. ಹಿಂದೆ ನಾಲ್ಕು ಪಿನ್ನು ಹಾಕಿ ಸೊಂಟ ಬಿಗಿದಿದ್ದಳು. ಕಾಲನ್ನು ಎರಡು ಮಡಿಕೆ ಏರಿಸಿದ್ದಳು. ಕೆನ್ನೆ ಕೆಂಪಾಗಿತ್ತು.

"ಟ್ರಂಕಿಗೆ ಐದೇ ಭಾವ," ಎಂದಳು. "ಮೊದಲಿಂದ ಹೇಳ್ತಿದ್ದೆ. ಆರನೇದು ಟ್ರಂಕಿನಲ್ಲಿ ಬರೋ ಜಾತಿದಲ್ಲ. ಅದಕ್ಕೆ ಒಂದು ಸೀಟು ಬೇಕು. ಒಳಗೆ ನಾನು ಕೂತು ನೋಡ್ಕೋತೀನಿ."

ನಲವತ್ತೆರಡಣ್ಣ ಟ್ರಂಕಿನ ಮುಚ್ಚಳ ಒತ್ತಿದರು. ಕೊಂಡಿ ಕೂಡಿತು.

"ನಮಸ್ಕಾರದ ಹೊತ್ತಿಗೆ ಅದನ್ನ ಅಕ್ಕನಿಗೆ ಬಿಚ್ಚಿಕೊಟ್ರೆ, ನೀನು?" ಎಂದು ಭಾವ ಕಣ್ಣು ಕಿರಿದು ಮಾಡಿದರು.

"ನಂಗೆ ಸ್ಕರ್ಟಿದೆ. ನನ್ನನ್ನ ಯಾರು ನೋಡ್ತಾರೆ? ನಾನು ನೋಡೋಳು."

"ಎರಡನೇ ಟ್ರಂಕಿಗೆ ಊಟ ಹಾಕ್ಬೇಕಾಗಿರ್ಲಿಲ್ಲ," ಎಂದು ಭಾವ ಗೊಣಗಿದರು. "ಈ ಟ್ರಂಕಿಗೆ ಮೂರು ಹೊತ್ತೂ ಹಾಕ್ಬೇಕು. ಜೊತೆಗೆ ಮಾತಾಡುತ್ತೆ ಬೇರೆ." ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ, ರಂಗದ ಮೇಲೂ ಎಂದೂ ಕೂಗದಷ್ಟು ಜೋರಾಗಿ ಕೂಗಿದರು: "ಡ್ರೈವರೇ! ಸ್ಪ್ಯಾನರು ತಗೊಂಡ್ ಬಾರಯ್ಯ! ಒಂಬತ್ತನೇ ಸೀಟು ಕೂರಿಸ್ಬೇಕು!"

ಹಿತ್ತಲಲ್ಲಿ ಧೂಳು ತಿನ್ನುತ್ತಿದ್ದ ಸೀಟನ್ನು ಇಬ್ಬರು ಮೂವತ್ತನಾಲ್ಕುಗಳು ಹೊತ್ತು ತಂದರು. ನಾಲ್ಕು ಬೋಲ್ಟು. ಮೂರನ್ನು ಡ್ರೈವರು ಬಿಗಿದ. ನಾಲ್ಕನೆಯದಕ್ಕೆ ಸೂಜಿ ಅವನ ಕೈಯಿಂದ ಸ್ಪ್ಯಾನರು ಕಿತ್ತುಕೊಂಡು, ಎರಡೂ ಕೈಗಳಿಂದ ತಿರುಗಿಸಿ, ಇನ್ನು ತಿರುಗದು ಎಂದಾದ ಮೇಲೆ ಇನ್ನೊಂದು ಸುತ್ತು ತಿರುಗಿಸಿದಳು. ಆಮೇಲೆ ಅದರ ಮೇಲೆ ಹತ್ತಿ ಕೂತು, ಕಿಟಕಿಯ ಗಾಜನ್ನು ಸರ್ರನೆ ಸರಿಸಿದಳು.

"ಇಳಿಯೇ," ಎಂದಳು ಅಕ್ಕ. "ಹೊರಡೋದು ಬುಧವಾರ."

"ಗೊತ್ತು," ಎಂದಳು ಸೂಜಿ. ಇಳಿಯಲಿಲ್ಲ.